ಡಯಾಲಿಸಿಸ್‌ನಲ್ಲಿರುವ ತಮ್ಮನಿಗೆ ಮತ್ತೆ ಕೆಲಸ: ಸರ್ಕಾರದಿಂದ ಎಂತ ಸಹಾಯ ಉಂಟು?

ಬ್ರಹ್ಮಾವರದ ಅಕ್ಕ · 2025 ಜುಲೈ 5, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಮ್ಮನ ವಿಷಯ ಕೇಳಬೇಕಿತ್ತು. ಅವನಿಗೆ 31 ವರ್ಷ. ಮಂಗಳೂರಿನ ಒಂದು ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಸ್ಟೋರ್ ಕೀಪರ್. ಸಂಬಳ 18,500. ಎರಡೂ ಕಿಡ್ನಿ ಹೋಗಿದೆ ಎಂದು ಈ ಬೇಸಿಗೆಯಲ್ಲಿ ಗೊತ್ತಾಯಿತು. ಈಗ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ಗಂಟೆ. ಮುಗಿಸಿ ಬಂದ ದಿನ ಸುಸ್ತಾಗಿ ಮಲಗುತ್ತಾನೆ. ಮರುದಿನ ಆರಾಮ. ತೋಟಕ್ಕೆ ಹೋಗುತ್ತಾನೆ, ಅಮ್ಮನ ಹತ್ತಿರ ಜಗಳ ಮಾಡುತ್ತಾನೆ.

ಫ್ಯಾಕ್ಟರಿಯವರು ಒಂದೇ ಮಾತು ಹೇಳುತ್ತಿದ್ದಾರೆ. ಪೂರ್ತಿ ಫಿಟ್ ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಬಾ, ಇಲ್ಲದಿದ್ದರೆ ರಾಜೀನಾಮೆ ಕೊಡು, ಲೆಕ್ಕ ಚುಕ್ತಾ ಮಾಡುತ್ತೇವೆ. ಡಯಾಲಿಸಿಸ್ ಮಾಡಿಸುವವನಿಗೆ ಪೂರ್ತಿ ಫಿಟ್ ಅಂತ ಯಾವ ಡಾಕ್ಟರ್ ಬರೆಯುತ್ತಾರೆ? ಅವನಿಗಂತೂ ಕೆಲಸಕ್ಕೆ ಹೋಗಲೇಬೇಕು. ಮನೆಯಲ್ಲಿ ಕೂತು ತಲೆ ಕೆಡುತ್ತಿದೆ ಎನ್ನುತ್ತಾನೆ.

ಇಂಥವರನ್ನು ಕೆಲಸಕ್ಕೆ ಸೇರಿಸಲು ಸರ್ಕಾರದ್ದು ಏನಾದರೂ ಯೋಜನೆ ಉಂಟಾ? ಅಂಗವಿಕಲರ ಕಾರ್ಡ್ ಮಾಡಿಸಿ ಎಂದು ಪಕ್ಕದ ಮನೆಯವರು ಹೇಳಿದರು. ಆಗುತ್ತದಾ?

ಪಡುಬಿದ್ರಿ ಪಕ್ಕ · ಜುಲೈ 5, ರಾತ್ರಿ 10:15

ಮಾಡಿಸಿ ಅಕ್ಕ. ಯುಡಿಐಡಿ ಅಂದರೆ ಅದೇ ಅಂಗವಿಕಲರ ಕಾರ್ಡ್ ಇದ್ದರೆ ಪೆನ್ಷನ್, ಬಸ್ ಪಾಸ್, ರೈಲಿನಲ್ಲಿ ರಿಯಾಯಿತಿ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ, ಎಲ್ಲ ಸಿಗುತ್ತದೆ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಪಂಚಾಯತ್ ಕಾರ್ಯಕರ್ತ · ಜುಲೈ 6, ಬೆಳಿಗ್ಗೆ 7:05

ಸ್ವಲ್ಪ ನಿಲ್ಲಿ ಮಾರಾಯ್ರೆ. ಆ ಹುಡುಗನನ್ನು ಸುಮ್ನೆ ಓಡಾಡಿಸಬೇಡಿ.

ನಾನು ಕುಂದಾಪುರ ಕಡೆಯ ಒಂದು ಗ್ರಾಮ ಪಂಚಾಯತ್‌ನಲ್ಲಿ ಪುನರ್ವಸತಿ ಕಾರ್ಯಕರ್ತ. ವಿಆರ್‌ಡಬ್ಲ್ಯೂ ಅಂತ ಎಲ್ಲರೂ ಕರೆಯುವುದು. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ, ನನಗೂ ಒಂದು ಕಾಲಿಗೆ ಬಲವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಉಂಟು. 1995ರ ಹಳೆ ಕಾಯ್ದೆಯಲ್ಲಿ ಏಳೇ ಇದ್ದದ್ದು. ಹಿಮೋಫಿಲಿಯಾ, ತಲಸ್ಸೇಮಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್ ಎಲ್ಲ ಆಮೇಲೆ ಸೇರಿದವು. ಕಿಡ್ನಿ ಮಾತ್ರ ಸೇರಲಿಲ್ಲ. ಹೃದಯದ ಕಾಯಿಲೆಯೂ ಇಲ್ಲ, ಕ್ಯಾನ್ಸರೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿದರೆ ಕಾರ್ಡ್ ಸಿಗುತ್ತದೆ. ಕಾಲು ಉಳಿಸಿಕೊಳ್ಳಲು ಒದ್ದಾಡುವಾಗ ಸಿಗುವುದಿಲ್ಲ. ಹಾಗೆ ಉಂಟು ವ್ಯವಸ್ಥೆ.

ಪಟ್ಟಿಯಲ್ಲಿ ಇದ್ದರೂ ಅಂಗವೈಕಲ್ಯ ಶೇ 40 ಆದರೂ ಇರಬೇಕು. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡ್, ಅದರ ಮೇಲೆ ಹಳದಿ, 80ರಿಂದ ನೀಲಿ. ಪೆನ್ಷನ್, ಮೀಸಲಾತಿ, ಸಾಲ ಎಲ್ಲ ಹಳದಿಯಿಂದ ಶುರು. ಗ್ರಾಮ ಪಂಚಾಯತ್‌ನ ಸ್ವಂತ ವರಮಾನದಲ್ಲಿ ಶೇ 5 ಅಂಗವಿಕಲರಿಗೆ ಅಂತ ಇಡಬೇಕು, ಅದು ಕೂಡ ಕಾರ್ಡ್ ಇದ್ದವರಿಗೇ. ನನ್ನ ಹತ್ತಿರ ಡಯಾಲಿಸಿಸ್‌ನವರು, ಬೈಪಾಸ್ ಆದವರು ಬರುತ್ತಾರೆ. ಕೊಡಲಿಕ್ಕೆ ನನ್ನ ಕೈಯಲ್ಲಿ ಫಾರ್ಮ್ ಇಲ್ಲ.

ಪಿಎಫ್ ಗುಮಾಸ್ತ · ಜುಲೈ 6, ಬೆಳಿಗ್ಗೆ 11:20

ಅಕ್ಕ, ಬೇರೆ ಎಲ್ಲ ಆಮೇಲೆ ಓದಿ. ಮೊದಲು ಇದು: ರಾಜೀನಾಮೆ ಕೊಡಬೇಡಿ. ಖಾಲಿ ಹಾಳೆಗೆ ಸಹಿ ಕೂಡ ಹಾಕಬೇಡಿ.

ಹಂಪನಕಟ್ಟೆಯಲ್ಲಿ ಕಂಪನಿಗಳ ಪಿಎಫ್, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಲೆಕ್ಕ ನೋಡುವುದು ನನ್ನ ಉದ್ಯೋಗ. ಸಂಬಳ 18,500 ಎಂದರೆ ತಮ್ಮ ಇಎಸ್‌ಐ ಒಳಗೆ ಇದ್ದಾನೆ, ಮಿತಿ 21,000. ಸಂಬಳದ ಚೀಟಿಯಲ್ಲಿ ಶೇ 0.75 ಕಡಿತ ಕಾಣಬೇಕು. ಮಾಲೀಕರು ಶೇ 3.25 ಕಟ್ಟುತ್ತಾರೆ. ಇಎಸ್‌ಐ ಅಂದರೆ ಶಿವಬಾಗ್‌ನ ಆಸ್ಪತ್ರೆ, ಡಿಸ್ಪೆನ್ಸರಿ, ಮಾತ್ರೆ ಅಂತಲೇ ಎಲ್ಲರೂ ತಿಳಿದುಕೊಂಡಿದ್ದಾರೆ. ರಜೆಯಲ್ಲಿ ಕೂತವನಿಗೆ ಕೈಗೆ ದುಡ್ಡು ಬರುತ್ತದೆ ಎನ್ನುವುದು ಮುಕ್ಕಾಲು ಜನರಿಗೆ ಗೊತ್ತಿಲ್ಲ.

ಸಾಮಾನ್ಯ ಸಿಕ್‌ನೆಸ್ ಬೆನಿಫಿಟ್ ಸಂಬಳದ ಶೇ 70. ವರ್ಷಕ್ಕೆ 91 ದಿನ. ಅದು ಮುಗಿದ ಮೇಲೆ ದೀರ್ಘ ಕಾಯಿಲೆಗಳಿಗೆ ಇನ್ನೊಂದು ಉಂಟು, ಎಕ್ಸ್‌ಟೆಂಡೆಡ್ ಸಿಕ್‌ನೆಸ್ ಬೆನಿಫಿಟ್. 34 ಕಾಯಿಲೆಗಳ ಪಟ್ಟಿ. ಅದರಲ್ಲಿ ದೀರ್ಘಕಾಲದ ಕಿಡ್ನಿ ವೈಫಲ್ಯ ಉಂಟು! ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು, ಸ್ಕಿಜೋಫ್ರೇನಿಯಾ ಕೂಡ ಉಂಟು. ಶೇ 80ರಂತೆ ಎರಡು ವರ್ಷದವರೆಗೆ ಸಿಗಬಹುದು. ಅವನ ಸಂಬಳಕ್ಕೆ ತಿಂಗಳಿಗೆ ಸುಮಾರು 14,800. ಎರಡು ವರ್ಷ ಸತತ ಸೇವೆ ಬೇಕು, ಅದರಲ್ಲಿ 156 ದಿನದ ವಂತಿಗೆ ಬೇಕು. ಆರು ವರ್ಷ ದುಡಿದವನಿಗೆ ಅದು ಕಷ್ಟ ಅಲ್ಲ.

ಇನ್ನು, ಸಿಕ್‌ನೆಸ್ ಬೆನಿಫಿಟ್ ಪಡೆಯುತ್ತಿರುವ ಕಾಲದಲ್ಲಿ ಕೆಲಸಗಾರನನ್ನು ತೆಗೆಯುವಂತಿಲ್ಲ. 1948ರ ಇಎಸ್‌ಐ ಕಾಯ್ದೆಯ 73ನೇ ಕಲಂ. ಅದಕ್ಕೇ ಕಂಪನಿಗಳು ತೆಗೆಯುವುದಿಲ್ಲ, ರಾಜೀನಾಮೆ ಕೇಳುತ್ತವೆ. ಅವನಾಗಿಯೇ ಬಿಟ್ಟು ಹೋದ ಅಂತ ಆದರೆ ಯಾವ ಕಲಮೂ ಕಾಯುವುದಿಲ್ಲ. ಜತೆಗೆ ಇಎಸ್‌ಐ ಮೂಲಕ ಸಿಗುವ ಚಿಕಿತ್ಸೆಯೂ ಸ್ವಲ್ಪ ಕಾಲದ ನಂತರ ನಿಲ್ಲುತ್ತದೆ.

ನಾಳೆಯೇ ಡಿಸ್ಪೆನ್ಸರಿಗೆ ಹೋಗಿ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಶುರು ಮಾಡಿಸಿ. ಬೇರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಡಯಾಲಿಸಿಸ್ ಚೀಟಿ ಒಂದನ್ನೂ ಬಿಸಾಡಬೇಡಿ.

ಬ್ರಹ್ಮಾವರದ ಅಕ್ಕ · ಜುಲೈ 6, ಮಧ್ಯಾಹ್ನ 1:30

ಅಣ್ಣ, ಇದು ನಮಗೆ ಯಾರೂ ಹೇಳಲೇ ಇಲ್ಲ. ಚೀಟಿಯಲ್ಲಿ ಇಎಸ್‌ಐ ಕಡಿತ ಉಂಟು, ಈಗಷ್ಟೇ ನೋಡಿದೆ. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗುತ್ತದೆ ಎಂದು ಇಎಸ್‌ಐ ಕಡೆ ತಲೆ ಹಾಕಿಯೇ ಇರಲಿಲ್ಲ.

ಆದರೆ ದುಡ್ಡು ಒಂದು ಕಡೆ. ಅವನಿಗೆ ಕೆಲಸ ಬೇಕು. ಎರಡು ವರ್ಷ ಮನೆಯಲ್ಲಿ ಕೂತರೆ ಆಮೇಲೆ ಯಾರು ಕರೆಯುತ್ತಾರೆ?

ಬೈಕಂಪಾಡಿ ಯಜಮಾನ · ಜುಲೈ 6, ಸಂಜೆ 6:50

ಇಲ್ಲಿ ಮಾಲೀಕರೆಲ್ಲ ಖಳನಾಯಕರು ಅಂತ ಆಗುವ ಮೊದಲು ನಾನೂ ಸ್ವಲ್ಪ ಹೇಳುತ್ತೇನೆ. ನನ್ನದು ಪ್ಯಾಕಿಂಗ್ ಸಾಮಾನಿನ ಸಣ್ಣ ಘಟಕ.

ಅಂಗವಿಕಲರನ್ನು ಸೇರಿಸಿಕೊಂಡರೆ ನಮ್ಮ ಪಾಲಿನ ಇಎಸ್‌ಐ ವಂತಿಗೆಯನ್ನು ಕೆಲವು ವರ್ಷ ಕೇಂದ್ರ ಸರ್ಕಾರವೇ ಭರಿಸುತ್ತದೆ. 2008ರಿಂದ ಉಂಟು ಆ ಯೋಜನೆ. ಅವರಿಗೆ ಸಂಬಳದ ಮಿತಿಯೂ 25,000. ಕೇಳಲು ಚೆಂದ. ಲೆಕ್ಕ ಹಾಕಿ ನೋಡಿ. 15,000 ಸಂಬಳಕ್ಕೆ ಶೇ 3.25 ಅಂದರೆ 487 ರೂಪಾಯಿ 50 ಪೈಸೆ. ಇದಕ್ಕಾಗಿ ಯಾವ ಮಾಲೀಕ ಮನಸ್ಸು ಬದಲಿಸುತ್ತಾನೆ? ಅದೂ ಡಯಾಲಿಸಿಸ್‌ನವರಿಗೆ ಅನ್ವಯಿಸುವುದಿಲ್ಲ.

ನನ್ನ ತೊಂದರೆ ದುಡ್ಡಲ್ಲ. ಸೋಮವಾರ ಲಾರಿ ಬಂದು ನಿಂತಾಗ ಸ್ಟೋರ್‌ನಲ್ಲಿ ಜನ ಇಲ್ಲದಿದ್ದರೆ ಎಂತ ಮಾಡುವುದು? ದೊಡ್ಡ ಕಂಪನಿಯಲ್ಲಿ ನಾಲ್ಕು ಜನ ಸ್ಟೋರ್‌ನವರು ಇರುತ್ತಾರೆ, ಒಬ್ಬರು ಹೆಚ್ಚುಕಡಿಮೆ ಆದರೆ ನಡೆಯುತ್ತದೆ. ನನ್ನ ಹತ್ತಿರ ಒಬ್ಬನೇ. ಮೂರು ದಿನ ಇವನು, ಮೂರು ದಿನ ಇನ್ನೊಬ್ಬ ಅಂತ ಮಾಡಬಹುದು. ಆ ಇನ್ನೊಬ್ಬನನ್ನು ಹುಡುಕಲು, ಕಲಿಸಲು ಯಾರಾದರೂ ಸಹಾಯ ಮಾಡಿದರೆ ಅದು ಸಹಾಯ.

ಇನ್ನೊಂದು ಮಾತು. ತಮ್ಮನಿಗೆ ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳದ ಜೋಡಣೆ, ಮಾಡಿದ್ದಾರಲ್ವಾ? ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಸ್ಟೋರ್ ಕೀಪರ್ ಅಂದರೆ ಬರೀ ರಿಜಿಸ್ಟರ್ ಬರೆಯುವವನಲ್ಲ, ಚೀಲ ಎಳೆಯುವವನೂ ಅವನೇ. ಏನಾದರೂ ಹೆಚ್ಚುಕಡಿಮೆ ಆದರೆ ಜವಾಬ್ದಾರಿ ಯಾರದ್ದು ಎಂದು ಆ ಫ್ಯಾಕ್ಟರಿಯವರಿಗೂ ಹೆದರಿಕೆ ಇರಬಹುದು. ಅದಕ್ಕೇ ಪೂರ್ತಿ ಫಿಟ್ ಬೇಕು ಎನ್ನುವುದು.

ಲೆಸ್ಟರ್ ಮಳೆ · ಜುಲೈ 7, ಬೆಳಗಿನ ಜಾವ 2:10

ಮೂಲ ಊರು ಕಾಪು. ಈಗ ಇಂಗ್ಲೆಂಡಿನಲ್ಲಿ. ಯಜಮಾನರ ಕೊನೆಯ ಮಾತು ಓದಿ ಬರೆಯಬೇಕು ಅನಿಸಿತು.

ಇಲ್ಲಿ 2010ರಿಂದ ಫಿಟ್ ನೋಟ್ ಎಂಬ ಕಾಗದ ಉಂಟು. ಡಾಕ್ಟರಿಗೆ ಅದರಲ್ಲಿ ಎರಡು ದಾರಿ. ಕೆಲಸ ಮಾಡಲು ಆಗುವುದಿಲ್ಲ ಎನ್ನಬಹುದು. ಅಥವಾ ಇಂಥಿಂಥ ಬದಲಾವಣೆ ಮಾಡಿಕೊಟ್ಟರೆ ಆಗಬಹುದು ಎನ್ನಬಹುದು. ಎರಡನೆಯದಕ್ಕೆ ನಾಲ್ಕು ಚೌಕ ಇರುತ್ತದೆ: ಹಂತ ಹಂತವಾಗಿ ವಾಪಸು ಬರುವುದು, ಸಮಯ ಬದಲಿಸುವುದು, ಕೆಲಸ ಬದಲಿಸುವುದು, ಜಾಗದಲ್ಲಿ ಏನಾದರೂ ಸರಿ ಮಾಡಿಕೊಡುವುದು. 2022ರಿಂದ ನರ್ಸ್, ಫಿಸಿಯೊಥೆರಪಿಸ್ಟ್, ಫಾರ್ಮಸಿಸ್ಟ್ ಕೂಡ ಸಹಿ ಹಾಕಬಹುದು.

ಆಕ್ಸೆಸ್ ಟು ವರ್ಕ್ ಅಂತ ಇನ್ನೊಂದು ಯೋಜನೆ, 1994ರಿಂದ. ಬಸ್ಸಿನಲ್ಲಿ ಹೋಗಲು ಆಗದವರಿಗೆ ಟ್ಯಾಕ್ಸಿ ಖರ್ಚು, ವಿಶೇಷ ಕುರ್ಚಿ, ಜತೆಗೆ ಒಬ್ಬ ಸಹಾಯಕ, ಇಂಥದ್ದಕ್ಕೆ ದುಡ್ಡು ಕೊಡುತ್ತದೆ. ಶೇಕಡಾ ಎಷ್ಟು ಎಂದು ಕೇಳುವುದಿಲ್ಲ. ಕೆಲಸ ಮಾಡಲು ನಿಮಗೆ ಏನು ಅಡ್ಡಿ ಎಂದು ಕೇಳುತ್ತದೆ.

ಹಾಗಂತ ಇಲ್ಲಿ ಸ್ವರ್ಗ ಏನಲ್ಲ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಕೆಲಸವೇ ಹೋದವರಿದ್ದಾರೆ. ಕಾಯಿಲೆಯವರ ಭತ್ಯೆ ಕಡಿತ ಮಾಡುವ ಮಸೂದೆಗೆ ಈ ವಾರ ಪಾರ್ಲಿಮೆಂಟಿನಲ್ಲಿ ದೊಡ್ಡ ಗಲಾಟೆ ಆಗಿ, ಸರ್ಕಾರ ಅರ್ಧ ಹಿಂದೆ ಸರಿಯಿತು.

ನನ್ನ ಸಲಹೆ ಇಷ್ಟೇ. ಊರಿನಲ್ಲಿ ಆ ಕಾಗದ ಇಲ್ಲದಿದ್ದರೆ ಏನಾಯಿತು? ಕಿಡ್ನಿ ಡಾಕ್ಟರ ಲೆಟರ್‌ಹೆಡ್‌ನಲ್ಲಿ ಅದನ್ನೇ ಬರೆಸಿ. ಫಿಟ್ ಅಥವಾ ಅನ್‌ಫಿಟ್ ಎಂದು ಕೇಳಲು ಹೋಗಬೇಡಿ. ಎಡಗೈಯಲ್ಲಿ ಭಾರ ಎತ್ತಬಾರದು, ಕುಲುಮೆಯ ಹತ್ತಿರ ನಿಲ್ಲಬಾರದು ಯಾಕೆಂದರೆ ನೀರು ಅಳೆದು ಕುಡಿಯಬೇಕು, ಈ ಮೂರು ದಿನ ಇಷ್ಟು ಗಂಟೆ ಕೆಲಸ ಮಾಡಬಹುದು. ಹೀಗೆ.

ಪಾಳಿ ಬದಲು · ಜುಲೈ 7, ಬೆಳಿಗ್ಗೆ 9:25

ಲೆಸ್ಟರ್ ಅಕ್ಕ ಹೇಳಿದ್ದಕ್ಕೆ ನಂದು ದೊಡ್ಡ ಹೌದು. ನನಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಉಂಟು. ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸ. ನಿದ್ರೆ ತಪ್ಪಿದರೆ ನನ್ನ ಕತೆ ಮುಗಿದ ಹಾಗೆ, ಹಾಗಾಗಿ ರಾತ್ರಿ ಪಾಳಿ ಬೇಡ. ಡಾಕ್ಟರ್ ಒಂದೇ ಸಾಲು ಬರೆದುಕೊಟ್ಟರು: ರಾತ್ರಿ ಪಾಳಿ ಹಾಕಬಾರದು. ಕಾಯಿಲೆಯ ಹೆಸರು ಅದರಲ್ಲಿ ಇಲ್ಲ. ಎಚ್‌ಆರ್‌ನವರು ಹುಬ್ಬು ಏರಿಸಿದರು, ಆಮೇಲೆ ಒಪ್ಪಿದರು. ಹಿಂದಿನ ಕಂಪನಿಯಲ್ಲಿ ಪೂರ್ತಿ ಫೈಲ್ ತೋರಿಸಿದ್ದೆ. ಅಲ್ಲಿ ಆದದ್ದು ಬೇರೆ ಕತೆ, ಇಲ್ಲಿ ಬೇಡ.

ನನ್ನ ಕಾಯಿಲೆ ಆ 21ರ ಪಟ್ಟಿಯಲ್ಲಿ ಉಂಟು. ಐಡಿಯಾಸ್ ಎಂಬ ಅಳತೆಯಲ್ಲಿ ಅಂಕ ಹಾಕುತ್ತಾರೆ. ಮಾತ್ರೆ ಸರಿಯಾಗಿ ತೆಗೆದುಕೊಂಡು ಚೆನ್ನಾಗಿ ಇದ್ದರೆ 40 ಬರುವುದಿಲ್ಲ. ಚೆನ್ನಾಗಿ ಇರಲು ಬೇಕಾದದ್ದು ರಾತ್ರಿ ನಿದ್ರೆ. ಅದನ್ನು ಕೇಳಲು ಕಾರ್ಡ್ ಬೇಕಂತೆ. ನಗು ಬರುತ್ತದೆ ಅಲ್ವಾ?

ಇನ್ನು ಕಾನೂನು. ಸರ್ಕಾರಿ ನೌಕರರಿಗೆ 2016ರ ಕಾಯ್ದೆಯ 20ನೇ ಕಲಂ ಗಟ್ಟಿ. ಸೇವೆಯಲ್ಲಿ ಇರುವಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಖಾಸಗಿಯವರಿಗೆ 21ನೇ ಕಲಂ: ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು. 20 ಅಥವಾ ಜಾಸ್ತಿ ಜನ ಇದ್ದರೆ ಏನೇನು ಅನುಕೂಲ ಕೊಡುತ್ತೇವೆ ಎಂದೂ ಬರೆಯಬೇಕು. ನಿಮ್ಮ ಕಂಪನಿಯದ್ದು ತೋರಿಸಿ ಎಂದು ಕೇಳಿ ನೋಡಿ, ಮುಖ ಮುಖ ನೋಡಿಕೊಳ್ಳುತ್ತಾರೆ. ಖಾಸಗಿಯವರನ್ನೂ ನೇರವಾಗಿ ಹಿಡಿಯುವ ಕಾಯ್ದೆ ಎಚ್‌ಐವಿ ಇರುವವರಿಗೆ ಉಂಟು, 2017ರದ್ದು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕೇಳುವಂತೆಯೇ ಇಲ್ಲ. ಅಷ್ಟು ಸ್ಪಷ್ಟವಾಗಿ ಉಳಿದ ಕಾಯಿಲೆಯವರಿಗೂ ಒಂದು ಸಾಲು ಬರೆಯಲಿಕ್ಕೆ ಎಂತ ಕಷ್ಟ?

ಪಂಚಾಯತ್ ಕಾರ್ಯಕರ್ತ · ಜುಲೈ 7, ಬೆಳಿಗ್ಗೆ 10:40

@ಪಾಳಿ ಬದಲು, 40ರ ವಿಷಯದಲ್ಲಿ ಒಂದು ತೀರ್ಪು ಉಂಟು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ವಿಕಾಸ್ ಕುಮಾರ್ ಪ್ರಕರಣ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಗೆ ಸಹಾಯಕ ಬರಹಗಾರನನ್ನು ಕೊಡಲಿಲ್ಲ, 40 ಇಲ್ಲ ಎಂದು. ಕೋರ್ಟ್ ಒಪ್ಪಲಿಲ್ಲ. ಶೇ 40 ಬೇಕಾದ್ದು ಮೀಸಲಾತಿಯಂಥ ಸೌಲಭ್ಯಕ್ಕೆ, ಅಗತ್ಯ ಅನುಕೂಲ ಮಾಡಿಕೊಡಲು ಅದನ್ನು ಕೇಳಬಾರದು ಎಂದಿತು. ಆ ತೀರ್ಪಿನ ಪ್ರತಿ ನನ್ನ ಚೀಲದಲ್ಲೇ ಇರುತ್ತದೆ. ಓದುವವರು ಕಡಿಮೆ.

ಮೂರು ಗಾಲಿ · ಜುಲೈ 7, ಮಧ್ಯಾಹ್ನ 3:15

ಕೆಲಸ ಕೊಡಿಸುವ ಮಾತು ಆಯಿತು. ಕೆಲಸಕ್ಕೆ ಹೋಗುವುದು ಹೇಗೆ? ನನಗೆ ಚಿಕ್ಕಂದಿನಲ್ಲಿ ಪೋಲಿಯೊ. ಹಳದಿ ಕಾರ್ಡ್, ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಎಲ್ಲ ಉಂಟು. ಮಂಗಳೂರಿನಲ್ಲಿ ಇದ್ದವರಿಗೆ ಗೊತ್ತು, ನಮ್ಮ ಸಿಟಿ ಬಸ್ ಹೆಚ್ಚಿನದ್ದೆಲ್ಲ ಖಾಸಗಿ. 2023ರಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಹೆಂಗಸರು ಕೇಳಿದ ಪ್ರಶ್ನೆಯೇ ನನ್ನದು: ಸರ್ಕಾರಿ ಬಸ್ ಎಲ್ಲಿ? ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಹತ್ತಲು ಎರಡು ಸೆಕೆಂಡು ಕೊಡುತ್ತಾರೆ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟರೆ ರೈಟ್ ಪೋಯಿ.

ಈಗ ಸ್ಕೂಟರಿಗೆ ಪಕ್ಕದ ಗಾಲಿ ಹಾಕಿಸಿಕೊಂಡಿದ್ದೇನೆ. ಈ ಮಳೆಯಲ್ಲಿ, ಈ ಹೊಂಡದಲ್ಲಿ ಅದೂ ಒಂದು ಸರ್ಕಸ್. ಬ್ರಹ್ಮಾವರದಿಂದ ಮಂಗಳೂರು ಅಂದರೆ ದಿನಾ ಹೈವೇ ಬಸ್. ಡಯಾಲಿಸಿಸ್ ಆದ ಮರುದಿನ ನಿಂತುಕೊಂಡು ಅಷ್ಟು ದೂರ ಹೋಗಲು ಆಗುತ್ತದಾ ಎಂದು ಮೊದಲು ನೋಡಿ ಅಕ್ಕ. ಉಡುಪಿಯ ಹತ್ತಿರ ಕೆಲಸ ಆದರೆ ಸಂಬಳ ಕಡಿಮೆ ಇದ್ದರೂ ಲಾಭ.

ಪಡುಬಿದ್ರಿ ಪಕ್ಕ · ಜುಲೈ 7, ಸಂಜೆ 4:00

ಡಯಾಲಿಸಿಸ್ ರಾತ್ರಿಗೆ ಬದಲಿಸಲು ಆಗುವುದಿಲ್ಲವಾ? ನನ್ನ ಭಾವ ಒಂದು ಖಾಸಗಿ ಕಡೆ ಸಂಜೆಯ ಪಾಳಿಯಲ್ಲಿ ಮಾಡಿಸುತ್ತಿದ್ದರು, ಹಗಲು ಅಂಗಡಿ ನೋಡಿಕೊಳ್ಳುತ್ತಿದ್ದರು.

ಪಿಎಫ್ ಗುಮಾಸ್ತ · ಜುಲೈ 7, ಸಂಜೆ 4:30

ಇದು ಈ ಚರ್ಚೆಯಲ್ಲೇ ಒಳ್ಳೆಯ ಪ್ರಶ್ನೆ. 2016ರಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಅಂತ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಎಷ್ಟೋ ಜೀವ ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮಯ ಕೊಡುವಾಗ ಇವನು ದುಡಿಯುವವನಾ ಎಂದು ಯಾರೂ ಕೇಳುವುದಿಲ್ಲ. ಸಂಜೆ ಆರರ ಸರದಿ ಸಿಕ್ಕರೆ ಆ ಹುಡುಗನಿಗೆ ಅದಕ್ಕಿಂತ ದೊಡ್ಡ ಉದ್ಯೋಗ ಯೋಜನೆ ಬೇರೆ ಬೇಡ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ ಕೂಡ ಉಂಟು, ದಿನಕ್ಕೆ ಮೂರು ನಾಲ್ಕು ಸಲ ನೀರು ಬದಲಿಸುವುದು. ಎಲ್ಲರಿಗೂ ಹೊಂದುವುದಿಲ್ಲ, ಸೋಂಕಿನ ಭಯ ಉಂಟು. ಡಾಕ್ಟರ್ ಹತ್ತಿರ ಕೇಳಿ. ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ, ಅಂದರೆ ರಾಜ್ಯದ ಅಂಗದಾನ ಸಂಸ್ಥೆಯಲ್ಲಿ, ಹೆಸರು ಹಾಕಿಸಿದ್ದೀರಾ?

ಬ್ರಹ್ಮಾವರದ ಅಕ್ಕ · ಜುಲೈ 7, ಸಂಜೆ 5:10

ಹೆಸರು ಹಾಕಿಸುವ ಕೆಲಸ ನಡೆಯುತ್ತಿದೆ ಅಣ್ಣ. ಅಮ್ಮ ಕೊಡುತ್ತೇನೆ ಎನ್ನುತ್ತಾರೆ, ಅವರಿಗೆ ಬಿಪಿ ಉಂಟು. ನೋಡಬೇಕು.

ಹೊಲಿಗೆ ಅಂಗಡಿ · ಜುಲೈ 7, ರಾತ್ರಿ 8:45

ಬೇರೆಯವರ ಕೈಕೆಳಗೆ ಬೇಡ ಅನಿಸಿದರೆ ಒಂದು ದಾರಿ ಹೇಳುತ್ತೇನೆ. ನಾನು ಬೆಳ್ತಂಗಡಿಯವಳು. ಹೃದಯದ ಕವಾಟ ಬದಲಿಸಿದ್ದಾರೆ. ಮೊದಲು ಬೀಡಿ ಕಟ್ಟುತ್ತಿದ್ದೆ, ಡಾಕ್ಟರ್ ಹೊಗೆಸೊಪ್ಪಿನ ಧೂಳು ಬೇಡವೇ ಬೇಡ ಎಂದರು. ಕಾರ್ಡ್ ನನಗೂ ಸಿಗಲಿಲ್ಲ. ಉಜಿರೆಯ ರುಡ್‌ಸೆಟ್‌ನಲ್ಲಿ ಹೊಲಿಗೆ ಕಲಿತೆ. 1982ರಲ್ಲಿ ಶುರುವಾದದ್ದು ಅದು, ದೇಶದಲ್ಲೆಲ್ಲ ಬ್ಯಾಂಕುಗಳು ಜಿಲ್ಲೆಗೊಂದು ತರಬೇತಿ ಕೇಂದ್ರ ಮಾಡಿದ್ದು ಅದನ್ನು ನೋಡಿಯೇ. ಊಟ, ವಸತಿ, ತರಬೇತಿ ಎಲ್ಲ ಉಚಿತ. 18ರಿಂದ 45 ವರ್ಷ. ಕಾಯಿಲೆ ಉಂಟಾ, ಶೇಕಡಾ ಎಷ್ಟು ಎಂದು ಯಾರೂ ಕೇಳಲಿಲ್ಲ. ಬ್ರಹ್ಮಾವರದಲ್ಲೂ ಅವರದ್ದೇ ಕೇಂದ್ರ ಉಂಟಲ್ಲ ಅಕ್ಕ, ನಿಮ್ಮ ಮನೆಬಾಗಿಲಲ್ಲೇ. ಮೊಬೈಲ್ ರಿಪೇರಿ, ಕಂಪ್ಯೂಟರ್ ಲೆಕ್ಕ ಎಲ್ಲ ಕಲಿಸುತ್ತಾರೆ.

ಸಾಲಕ್ಕೆ ಮುದ್ರಾದಲ್ಲಿ ಶಿಶು ಅಂತ 50,000ದವರೆಗೆ ಉಂಟು. ಪಿಎಂಇಜಿಪಿ ಎಂಬ ಕೇಂದ್ರದ ಸ್ವಉದ್ಯೋಗ ಯೋಜನೆಯಲ್ಲಿ ಹಳ್ಳಿಯ ಹೆಂಗಸರಿಗೆ, ಅಂಗವಿಕಲರಿಗೆ ಶೇ 35 ಸಬ್ಸಿಡಿ. ನಾನು ಹೆಂಗಸು ಎಂಬ ಲೆಕ್ಕದಲ್ಲಿ ತೆಗೆದುಕೊಂಡೆ, ರೋಗಿ ಎಂಬ ಲೆಕ್ಕದಲ್ಲಿ ಅಲ್ಲ.

ಆದರೆ ಸ್ವಂತ ಅಂಗಡಿಯಲ್ಲಿ ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ನಾನು ಮಲಗಿದ ದಿನ ಗಳಿಕೆ ಸೊನ್ನೆ. ಕೈಯಲ್ಲಿ ಇಎಸ್‌ಐ ಇರುವ ಕೆಲಸ ಉಂಟು ಎಂದಾದರೆ ಅದನ್ನು ಬಿಟ್ಟು ನನ್ನ ದಾರಿಗೆ ಬರಬೇಡಿ ಎಂದೇ ಹೇಳುತ್ತೇನೆ.

ಸ್ಟೋರ್ ತಮ್ಮ · ಜುಲೈ 8, ಬೆಳಿಗ್ಗೆ 10:30

ನಮಸ್ಕಾರ. ಅಕ್ಕ ಬರೆದಿರುವ ಆ ತಮ್ಮ ನಾನೇ. ಅಮ್ಮನ ಹತ್ತಿರ ಜಗಳ ಮಾಡುವ ವಿಷಯ ಎಲ್ಲ ಹಾಕುವ ಅಗತ್ಯ ಇರಲಿಲ್ಲ.

ನಿನ್ನೆ ಡಿಸ್ಪೆನ್ಸರಿಗೆ ಅಕ್ಕ ಹೋಗಿ ಬಂದರು. ಕಾಗದ ಶುರುವಾಗಿದೆ. ರಾಜೀನಾಮೆ ಕೊಡುವುದಿಲ್ಲ ಎಂದು ಆಫೀಸಿಗೂ ಬರೆದು ಕಳಿಸಿದ್ದೇನೆ, ರಿಜಿಸ್ಟರ್ ಪೋಸ್ಟ್‌ನಲ್ಲಿ.

ನನ್ನ ಪ್ರಶ್ನೆ ಗುಮಾಸ್ತ ಅಣ್ಣನಿಗೆ. ಎರಡು ವರ್ಷ ಶೇ 80 ತೆಗೆದುಕೊಂಡು ಮಲಗುವುದು ನನಗೆ ಬೇಡ. ಮಂಗಳ, ಗುರು, ಶನಿ ಕೆಲಸಕ್ಕೆ ಹೋಗಿ ಸಂಬಳ ಪಡೆದು, ಡಯಾಲಿಸಿಸ್ ದಿನಕ್ಕೆ ಮಾತ್ರ ಇಎಸ್‌ಐ ದುಡ್ಡು ಪಡೆಯಬಹುದಾ?

ಪಿಎಫ್ ಗುಮಾಸ್ತ · ಜುಲೈ 8, ಮಧ್ಯಾಹ್ನ 12:50

ತಮ್ಮ, ಪ್ರಶ್ನೆ ಜೋರಾಗಿ ಉಂಟು. ನಿಯಮದ ಪ್ರಕಾರ ಸರ್ಟಿಫಿಕೇಟ್ ಇದ್ದು ಕೆಲಸ ಮಾಡದ ದಿನಕ್ಕೆ ದುಡ್ಡು, ಕೆಲಸ ಮಾಡಿದ ದಿನಕ್ಕೆ ಇಲ್ಲ. ಹೊಸ ಕಾಯಿಲೆಗೆ ಮೊದಲ ಎರಡು ದಿನ ಕೊಡುವುದಿಲ್ಲ. ಹಿಂದಿನ ರಜೆ ಮುಗಿದು 15 ದಿನದ ಒಳಗೆ ಮತ್ತೆ ರಜೆ ಆದರೆ ಆ ಕಾಯುವಿಕೆ ಇಲ್ಲ. ನಿನ್ನದು ದಿನ ಬಿಟ್ಟು ದಿನ, ಹಾಗಾಗಿ ಅದು ತೊಂದರೆ ಅಲ್ಲ. ಆದರೆ ವಾರಕ್ಕೆ ಮೂರರಂತೆ ತೆಗೆದರೆ 91 ದಿನ 30 ವಾರಕ್ಕೆ ಮುಗಿಯುತ್ತದೆ. ಪ್ರತಿ ಸಲ ಸರ್ಟಿಫಿಕೇಟ್ ಬೇಕು, ಡಿಸ್ಪೆನ್ಸರಿಯವರ ತಾಳ್ಮೆಯೂ ಬೇಕು.

ದೊಡ್ಡ ಅಪಾಯ ಬೇರೆ ಕಡೆ ಉಂಟು. ಮುಂದಿನ ಅವಧಿಗೆ ಸಿಕ್‌ನೆಸ್ ಬೆನಿಫಿಟ್ ಸಿಗಬೇಕಾದರೆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ವಾರಕ್ಕೆ ಮೂರು ದಿನ, 26 ವಾರ. ಗುಣಿಸಿ ನೋಡು. ಸರಿಯಾಗಿ 78. ಒಂದು ದಿನ ಜ್ವರ ಬಂದು ತಪ್ಪಿತು ಅಂದರೆ 77, ಹೋಯಿತು.

ಅದಕ್ಕೇ ದಿನಗೂಲಿಯ ಲೆಕ್ಕಕ್ಕೆ ಒಪ್ಪಬೇಡ. ತಿಂಗಳ ಸಂಬಳ ಅಂತಲೇ ಇರಲಿ, ಮೊತ್ತ ಕಡಿಮೆ ಆದರೂ ಅಡ್ಡಿಯಿಲ್ಲ. ಸಂಬಳ ಸಹಿತ ರಜೆ, ಹಬ್ಬದ ರಜೆ ಕೂಡ ಆಗ ಲೆಕ್ಕಕ್ಕೆ ಬರುತ್ತದೆ. ಆ ಮಾತನ್ನು ನೇಮಕದ ಕಾಗದದಲ್ಲಿ ಬರೆಸಿಕೋ.

ಬೈಕಂಪಾಡಿ ಯಜಮಾನ · ಜುಲೈ 8, ಮಧ್ಯಾಹ್ನ 2:20

78ರ ಲೆಕ್ಕ ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ವಂತಿಗೆ ಕಟ್ಟುತ್ತಿದ್ದೇನೆ.

ತಮ್ಮ, ನಿಮ್ಮ ಫ್ಯಾಕ್ಟರಿಯವರ ಹತ್ತಿರ ಡಾಕ್ಟರ ಪತ್ರ ಹಿಡಿದುಕೊಂಡು ಒಮ್ಮೆ ಮಾತಾಡಿ. ಚೀಲ ಎಳೆಯಲು ಹೆಲ್ಪರ್ ಇರಲಿ, ನಿಮ್ಮದು ಇಂಡೆಂಟ್, ಸ್ಟಾಕ್ ರಿಜಿಸ್ಟರ್, ಇ-ವೇ ಬಿಲ್ ಮಾತ್ರ ಅಂತ ಹೇಳಿ. ಒಪ್ಪದಿದ್ದರೆ ಮೆಸೇಜ್ ಮಾಡಿ. ಟ್ಯಾಲಿ ಬರುತ್ತದಾ?

ಸ್ಟೋರ್ ತಮ್ಮ · ಜುಲೈ 8, ಮಧ್ಯಾಹ್ನ 2:35

ಟ್ಯಾಲಿ ಬರುತ್ತದೆ ಸರ್. ಪತ್ರಕ್ಕೆ ಶುಕ್ರವಾರ ಡಾಕ್ಟರ್ ಸಿಗುತ್ತಾರೆ. ಲೆಸ್ಟರ್ ಅಕ್ಕ, ಆ ನಾಲ್ಕು ಚೌಕದ ಕಾಗದದ ಫೋಟೊ ಇದ್ದರೆ ಹಾಕಿ, ಡಾಕ್ಟರಿಗೆ ತೋರಿಸಲು ಬೇಕು.